ಕೊಂಡ ನೆಲ ಎಷ್ಟರಮಟ್ಟಿಗೆ ನಮ್ಮದು?

ನೆಲವನ್ನು ಕೊಂಡವನು ಕ್ರಯಪತ್ರಕ್ಕೆ ಸಹಿ ಹಾಕಿ, ನೋಂದಣಿ ಶುಲ್ಕ ಕಟ್ಟಿ, ನಾಲ್ಕು ಮೂಲೆಗಳಿಗೆ ಕಲ್ಲು ನೆಟ್ಟ ಮೇಲೆ ‘ಇದು ನನ್ನದು’ ಎನ್ನುತ್ತಾನೆ. ಆ ಮಾತು ಸಹಜವಾದುದೇ. ಆದರೆ ಅಲ್ಲಿ ಮನೆ ಕಟ್ಟಲು ಹೊರಟರೆ ಪಂಚಾಯಿತಿಯವರು ಒಪ್ಪಿಗೆ ಎಲ್ಲಿ ಎಂದು ಕೇಳುತ್ತಾರೆ. ಕೊಳವೆಬಾವಿ ಕೊರೆಸಲು ಹೊರಟರೆ ಅನುಮತಿ ಎಲ್ಲಿ ಎಂದು ಕಂದಾಯದವರು ಕೇಳುತ್ತಾರೆ. ಬೇಲಿ ಹಾಕಲು ಹೊರಟರೆ ಪಕ್ಕದ ಹೊಲದವನು ಬಂದು, ತನ್ನ ಬಂಡಿಯ ದಾರಿ ಏನಾಯಿತು ಎಂದು ಕೇಳುತ್ತಾನೆ. ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಇಷ್ಟು ಮಂದಿಗೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತು? ಈ ನಿರ್ಬಂಧಗಳು ಒಡೆಯನ ಹಕ್ಕನ್ನು ಕಸಿಯುವ ಅನ್ಯಾಯವೇ, ಅಥವಾ ಒಡೆತನವೆಂಬುದರ ಒಳಗೇ ಸೇರಿಕೊಂಡಿರುವ ಧರ್ಮವೇ? ಈ ಪ್ರಶ್ನೆ ಮೇಲುನೋಟಕ್ಕೆ ಕಾನೂನಿನದೆಂದು ತೋರಿದರೂ ಮೂಲದಲ್ಲಿ ನೀತಿಗೆ ಸಂಬಂಧಿಸಿದುದೆಂದು ನಾವು ಭಾವಿಸುತ್ತೇವೆ.

ಇದನ್ನು ನಮ್ಮ ಸಂಘದ ಸಂಚಿಕೆಯಲ್ಲಿ ಚರ್ಚಿಸಲು ಕಾರಣವಿದೆ. ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾ ಸೀಮೆಯ ಬೆದ್ದಲು ಭೂಮಿಗೆ ಇತ್ತೀಚಿನ ವರ್ಷಗಳಲ್ಲಿ ದೂರದ ನಗರಗಳಿಂದ ಗಿರಾಕಿಗಳು ಬರುತ್ತಿದ್ದಾರೆ. ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು 2020ರ ತಿದ್ದುಪಡಿಯವರೆಗೆ ತಡೆದಿದ್ದವು. ಗಡಿಯ ಈಚೆಗೆ ಅಂತಹ ತಡೆ ಇರಲಿಲ್ಲ. ಕೊಳ್ಳುವವರಲ್ಲಿ ನಮ್ಮವರೇ ಆದ, ಊರು ಬಿಟ್ಟು ನಗರ ಸೇರಿದ ಕನ್ನಡ ಮನೆತನಗಳ ಮಕ್ಕಳೂ ಇದ್ದಾರೆ. ನಿವೃತ್ತಿಯ ನಂತರ ಹಿರಿಯರ ಊರಿನ ಹತ್ತಿರ ನಾಲ್ಕೆಕರೆ ಕೊಂಡು, ಒಂದು ಮನೆ ಕಟ್ಟಿ, ಹತ್ತು ಮರ ಬೆಳೆಸಿ ನೆಮ್ಮದಿಯಾಗಿರಬೇಕೆಂಬುದು ಅವರ ಆಸೆ. ಆ ಆಸೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆಸೆ ಪಡುವವರು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಬಹುಪಾಲು ಮಂದಿ ಕೊನೆಗೆ ಕೇಳುತ್ತಾರೆ, ಕೆಲವರು ಕೇಳುವುದೇ ಇಲ್ಲ. ಈ ನೆಲ ಏಕೆ ಇಷ್ಟು ಅಗ್ಗ ಎಂಬುದೇ ಆ ಪ್ರಶ್ನೆ.

ಅಗ್ಗಕ್ಕೆ ಮೊದಲ ಕಾರಣ ಎಲ್ಲರಿಗೂ ತಿಳಿದದ್ದು, ನೀರಿಲ್ಲ. ಎರಡು ಮುಂಗಾರುಗಳಲ್ಲಿ ಯಾವುದೂ ತುಂಬಿ ಸುರಿಯದ ಮಳೆನೆರಳಿನ ನಾಡು ನಮ್ಮದು. ಅನಂತಪುರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಆ ಸರಾಸರಿಯೂ ಕಾಗದದ ಮೇಲಿನ ಸಮಾಧಾನವಷ್ಟೇ. ಒಂದು ವರ್ಷ ಕಡಲೆಕಾಯಿ ಬಿತ್ತಿದ ಮೇಲೆ ನಲವತ್ತು ದಿನ ಮೋಡ ಕಾಣುವುದಿಲ್ಲ, ಇನ್ನೊಂದು ವರ್ಷ ಕಿತ್ತ ಬಳ್ಳಿ ಕಣದಲ್ಲಿರುವಾಗಲೇ ಜಡಿಮಳೆ ಹಿಡಿಯುತ್ತದೆ. ರಾಯದುರ್ಗದಿಂದ ಉತ್ತರಕ್ಕೆ ಕಣೇಕಲ್ಲು, ಬೊಮ್ಮನಹಾಳ ಮಂಡಲಗಳಿಗೆ ಹೋದರೆ ಮರುಭೂಮಿ ಎಂಬ ಪದವನ್ನು ಭೂಗೋಳದ ಪುಸ್ತಕದಲ್ಲಿ ಓದಬೇಕಾದ ಅಗತ್ಯವೇ ಇರುವುದಿಲ್ಲ. ದರ್ಗಾ ಹೊನ್ನೂರಿನ ಸುತ್ತ ಹಗರಿ ಹೊಳೆಯ, ಎಂದರೆ ವೇದಾವತಿಯ, ಒಣ ಪಾತ್ರದಿಂದ ಗಾಳಿಯ ಕಾಲದಲ್ಲಿ ಎದ್ದ ಮರಳು ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕುಳಿತಿದೆ. ಅದನ್ನು ತಡೆಯಲು ಸಾಲುಮರ ನೆಡುವ ಪ್ರಯತ್ನಗಳು ನಡೆದಿವೆ. ಇಂತಹ ಕಡೆ ನೆಲದ ಬೆಲೆ ಕಡಿಮೆಯಾಗಿರುವುದು ಅಲ್ಲಿಯ ಜನರ ಅಜ್ಞಾನದಿಂದಲ್ಲ. ಎಷ್ಟೋ ತಲೆಮಾರು ಆ ಮಣ್ಣಿನೊಡನೆ ಸೆಣಸಿದವರ ಅನುಭವವೆಲ್ಲ ಆ ಬೆಲೆಯಲ್ಲಿ ಅಡಗಿದೆ. ಹೊರಗಿನಿಂದ ಬಂದವನು ಅದನ್ನು ತನ್ನ ಅದೃಷ್ಟವೆಂದು ತಿಳಿದರೆ, ಊರಿನವರ ಅನುಭವವನ್ನು ಓದಲು ಬಾರದವನೆಂದೇ ಅರ್ಥ.

ಅಗ್ಗಕ್ಕೆ ಎರಡನೆಯ ಕಾರಣ ಅಷ್ಟು ಬಹಿರಂಗವಾದುದಲ್ಲ. ಕೆಲವು ನೆಲಗಳು ಅಗ್ಗವಾಗಿರುವುದು ಅವು ಮಾರಾಟಕ್ಕೇ ಸಲ್ಲದ ಕಾರಣಕ್ಕೆ. ಭೂಮಿಯಿಲ್ಲದ ಬಡವರಿಗೆ ಸರ್ಕಾರ ಹಂಚಿಕೊಟ್ಟ ಜಮೀನು ಈ ಬಗೆಯದು. 1977ರ ಆಂಧ್ರಪ್ರದೇಶದ ಕಾಯ್ದೆ ಅಂತಹ ಜಮೀನಿನ ಪರಭಾರೆಯನ್ನು ನಿಷೇಧಿಸಿತು. ಕೊಂಡವನಿಗೆ ಹಕ್ಕು ಹುಟ್ಟುವುದಿಲ್ಲ, ಕೊಟ್ಟ ಹಣ ಹೋಗುತ್ತದೆ, ಜಮೀನು ಹಿಂದಕ್ಕೆ ಹೋಗುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಮಂಜೂರಾತಿ ಭೂಮಿಯ ಬಗ್ಗೆ 1978ರಲ್ಲಿ ಬಂದ, ಪಿಟಿಸಿಎಲ್ ಎಂದು ಜನ ಕರೆಯುವ ಕಾಯ್ದೆಯ ಆಶಯವೂ ಇದೇ. ವಿನೋಬಾ ಭಾವೆಯವರು 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಮೊದಲ ನೂರು ಎಕರೆಯನ್ನು ದಾನವಾಗಿ ಪಡೆದಂದಿನಿಂದ ಬೆಳೆದ ಭೂದಾನದ ಜಮೀನುಗಳೂ ಮಾರುವ ವಸ್ತುಗಳಲ್ಲ. ಇನ್ನು ಪೋರಂಬೋಕು: ಕೆರೆಯಂಗಳ, ವಂಕ, ಬಂಡಿದಾರಿ, ಸ್ಮಶಾನ, ದನ ಮೇಯುವ ಬಯಲು. ಇವೆಲ್ಲ ಊರಿಗೆ ಸೇರಿದವು. ಊರೊಟ್ಟಿನ ಇಂತಹ ನೆಲಗಳ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಆಂಧ್ರದ ಕಂದಾಯ ದಾಖಲೆಗಳಲ್ಲಿ ‘ಚುಕ್ಕೆ ಭೂಮಿ’ ಎಂಬ ಇನ್ನೊಂದು ವಿಚಿತ್ರ ವರ್ಗವಿದೆ. ಶತಮಾನದ ಹಿಂದೆ ಬ್ರಿಟಿಷ್ ಅಧಿಕಾರಿಗಳು ಮರುಜಮಾಬಂದಿಯ ದಫ್ತರ ಬರೆಯುವಾಗ ಒಡೆಯನಾರೆಂದು ಖಚಿತವಾಗದ ಕಡೆ ಹೆಸರಿನ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋದರು. ಆ ಚುಕ್ಕೆಗಳ ವ್ಯಾಜ್ಯವನ್ನು ಬಗೆಹರಿಸಲು 2017ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಉಳುವವನೊಬ್ಬನಿದ್ದಾನೆ, ಅವನ ಅಜ್ಜನೂ ಉಳುತ್ತಿದ್ದ, ಆದರೆ ಪುಸ್ತಕದಲ್ಲಿ ಅವನಿಲ್ಲ. ನೆಲದ ಒಡೆತನವೆಂಬುದು ಮಣ್ಣಿನಲ್ಲಿ ಬೇರೂರಿದ ಸತ್ಯವೋ, ಲೇಖನಿಯ ತುದಿಯ ಸತ್ಯವೋ ಎಂಬ ಜಿಜ್ಞಾಸೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಒಡೆತನದ ಮೂಲವನ್ನು ಕುರಿತು ಪಶ್ಚಿಮದ ಚಿಂತಕರಲ್ಲಿ ಹೆಚ್ಚು ಪ್ರಭಾವ ಬೀರಿದವನು 17ನೆಯ ಶತಮಾನದ ಇಂಗ್ಲೆಂಡಿನ ಜಾನ್ ಲಾಕ್. ಮನುಷ್ಯ ತನ್ನ ದುಡಿಮೆಯನ್ನು ಯಾವ ನೆಲದೊಡನೆ ಬೆರೆಸುತ್ತಾನೋ ಆ ನೆಲ ಅವನದಾಗುತ್ತದೆ ಎಂಬುದು ಅವನ ವಾದ. ಈ ವಾದವನ್ನು ನೆನೆಯುವವರು ಅದಕ್ಕೆ ಅವನೇ ಕಟ್ಟಿದ ಷರತ್ತನ್ನು ಮರೆಯುತ್ತಾರೆ: ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಮಿಕ್ಕಿರಬೇಕು. ನಮ್ಮ ದೇಶದ ಅನುಭವ ಬೇರೊಂದು ಬಗೆಯದು. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಈ ದತ್ತ ಮಂಡಲಗಳಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಹೊಲಗಳನ್ನು ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ಪಟ್ಟಾ ಎಂಬುದು ಅಂದಿನಿಂದಲೂ ಸರ್ಕಾರಕ್ಕೂ ರೈತನಿಗೂ ನಡುವಿನ ಕರಾರು. ಸ್ವತಂತ್ರ ಭಾರತದ ಸಂವಿಧಾನ ಮೊದಲು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತ್ತು. 1978ರ 44ನೆಯ ತಿದ್ದುಪಡಿ ಅದನ್ನು ಅಲ್ಲಿಂದ ತೆಗೆದು 300ಎ ವಿಧಿಯ ಮೂಲಕ ಕಾನೂನಿನ ರಕ್ಷಣೆಯುಳ್ಳ ಹಕ್ಕಾಗಿ ಉಳಿಸಿತು. ಹಾಗೆಯೇ, ಕ್ರಯಪತ್ರದ ನೋಂದಣಿಯಾದ ಮಾತ್ರಕ್ಕೆ ಮಾರಿದವನಿಗೆ ಹಕ್ಕಿತ್ತೆಂದು ಸಿದ್ಧವಾಗುವುದಿಲ್ಲ; ವ್ಯವಹಾರ ನಡೆಯಿತೆಂಬುದಕ್ಕೆ ಅದು ಸಾಕ್ಷಿ, ಅಷ್ಟೆ. ಕೇವಲ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ‘ಕೊಂಡೆ’ ಎನ್ನುವವನಿಗೆ ಅದೂ ಇಲ್ಲವೆಂದು 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಹೀಗೆ ನೋಡಿದರೆ ನಾವು ಕೊಳ್ಳುವುದು ಮಣ್ಣಿನ ಮೇಲಿನ ಕೆಲವು ಹಕ್ಕುಗಳ ಕಂತೆಯನ್ನು. ಉಳುವ ಹಕ್ಕು, ಮಾರುವ ಹಕ್ಕು, ಮಕ್ಕಳಿಗೆ ಬಿಡುವ ಹಕ್ಕು, ನೀರೆತ್ತುವ ಹಕ್ಕು, ಕಟ್ಟುವ ಹಕ್ಕು, ಇವೆಲ್ಲ ಬೇರೆ ಬೇರೆ. ಕಂತೆಯಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಬಿಚ್ಚಿ ನೋಡದೆ ಕೊಂಡವನು, ಆಮೇಲೆ ಇಲ್ಲದ ಹಕ್ಕನ್ನು ಕಸಿದರೆಂದು ದೂರುವುದು ನ್ಯಾಯವಲ್ಲ.

ಕಟ್ಟುವ ಹಕ್ಕನ್ನೇ ತೆಗೆದುಕೊಳ್ಳೋಣ. ಬೇಸಾಯದ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ಬಗ್ಗೆ ಆಂಧ್ರದಲ್ಲಿ 2006ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು. ಇಂತಹ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಕೊಳ್ಳುವ ದಿನ ಯಾವುದು ಜಾರಿಯಲ್ಲಿದೆಯೋ ಅದನ್ನೇ ಕೇಳಿ ತಿಳಿಯಬೇಕು. ನಿವೇಶನಗಳಾಗಿ ತುಂಡು ಮಾಡಿ ಮಾರುವುದಕ್ಕೆ ಬಡಾವಣೆಯ ಮಂಜೂರಾತಿ ಬೇಕು, ಮನೆಗೆ ನಕ್ಷೆಯ ಒಪ್ಪಿಗೆ ಬೇಕು. 2002ರ ಜಲ, ಭೂಮಿ ಮತ್ತು ವೃಕ್ಷ ಕಾಯ್ದೆ ಕೊಳವೆಬಾವಿಗಳ ನೋಂದಣಿಯನ್ನು ವಿಧಿಸುತ್ತದೆ. ಊರಿನ ಕುಡಿಯುವ ನೀರಿನ ಮೂಲದಿಂದ 250 ಮೀಟರಿನೊಳಗೆ ಹೊಸ ಬಾವಿಯನ್ನು ತಡೆಯುತ್ತದೆ. ಕೆರೆಯ ತುಂಬುಮಟ್ಟದೊಳಗೂ ವಂಕದ ಪಾತ್ರದಲ್ಲೂ ಕಟ್ಟುವಂತಿಲ್ಲ. ಪಟ್ಟಿ ಉದ್ದವಾಗಿದೆ, ನಿಜ. ನಗರದಿಂದ ಬಂದವನಿಗೆ ಇದು ಕಿರುಕುಳವೆಂದು ತೋರುವುದೂ ಸಹಜ.

ಇಲ್ಲಿ ಇನ್ನೊಬ್ಬ ಚಿಂತಕನ ಮಾತು ನಮಗೆ ನೆರವಾಗುತ್ತದೆ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಒಂದು ಗೆರೆ ಎಳೆದನು. ಒಬ್ಬನ ನಡತೆಯಿಂದ ಇತರರಿಗೆ ಹಾನಿಯಾಗುವಂತಿದ್ದರೆ ಮಾತ್ರ ಸಮಾಜ ಅವನನ್ನು ತಡೆಯಬಹುದು. ಅವನ ಒಳಿತಿಗಾಗಿಯೇ ಅವನನ್ನು ಬಲಾತ್ಕರಿಸುವಂತಿಲ್ಲ. ಈ ಗೆರೆಯನ್ನು ಹಿಡಿದು ಕಟ್ಟಡದ ನಿಯಮಗಳನ್ನು ಎರಡಾಗಿ ವಿಂಗಡಿಸಬಹುದು. ಗೋಡೆ ಎಷ್ಟು ದಪ್ಪವಿರಬೇಕು, ಕಿಟಕಿ ಎಷ್ಟು ಅಗಲವಿರಬೇಕು ಎಂಬಂತಹವು ಮುಖ್ಯವಾಗಿ ಒಳಗಿರುವವನಿಗೆ ಸಂಬಂಧಿಸಿದವು. ಕೊಳಚೆ ಎಲ್ಲಿ ಇಂಗಬೇಕು, ನೀರನ್ನು ಎಲ್ಲಿಂದ ಎತ್ತಬೇಕು, ಹರಿವಿಗೆ ಅಡ್ಡ ಯಾವುದು ನಿಲ್ಲಬಾರದು ಎಂಬವು ಹೊರಗಿರುವವರಿಗೆ ಸಂಬಂಧಿಸಿದವು.

ಈ ವಿಂಗಡಣೆ ಕೇವಲ ಗ್ರಂಥದ್ದಲ್ಲವೆಂದು ತೋರಿಸುವ ನಾಡೊಂದಿದೆ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಉದ್ಯೋಗಕ್ಕಾಗಿ ಅಮೆರಿಕ ಸೇರಿದ್ದಾರೆ. ಆ ದೇಶದ ನೈಋತ್ಯದ ಅರಿಜೋನಾ ರಾಜ್ಯದ ಬಹುಭಾಗ ಮರುಭೂಮಿ. ಅಲ್ಲಿಯೂ ಅಗ್ಗದ ಹಳ್ಳಿಗಾಡಿನ ನೆಲಕ್ಕೆ ಗಿರಾಕಿಗಳು ಬಹಳ. ಆ ರಾಜ್ಯದ ಕೋಚೀಸ್ ಎಂಬ ಕೌಂಟಿಯಲ್ಲಿ ಕನಿಷ್ಠ 4 ಎಕರೆಯ ಗ್ರಾಮೀಣ ನೆಲವಿದ್ದು, ಒಡೆಯನೇ ತನಗಾಗಿ ಮನೆ ಕಟ್ಟಿಕೊಳ್ಳುವುದಾದರೆ, ಕಟ್ಟಡದ ತಪಾಸಣೆಯಿಂದ ವಿನಾಯಿತಿ ಕೇಳಬಹುದು. ಹುಲ್ಲಿನ ಪಿಂಡಿಯ ಗೋಡೆಯೋ ಮಣ್ಣಿನ ಗೋಡೆಯೋ, ಹೊಣೆ ಅವನದು. ಆದರೆ ಶೌಚದ ಗುಂಡಿಗೆ ಅನುಮತಿ ಬೇಕೇ ಬೇಕು. ತನ್ನ ತಲೆಯ ಮೇಲಿನ ಸೂರಿನ ವಿಷಯದಲ್ಲಿ ಸ್ವಾತಂತ್ರ್ಯ, ನೆಲದೊಳಗಿನ ನೀರಿನ ವಿಷಯದಲ್ಲಿ ಕಟ್ಟುಪಾಡು: ಮಿಲ್ ಎಳೆದ ಗೆರೆಗೆ ಇದು ಬಹಳ ಹತ್ತಿರದ್ದು.

ಅದೇ ರಾಜ್ಯದಲ್ಲಿ ಕಟ್ಟುಪಾಡನ್ನು ತಪ್ಪಿಸಿಕೊಂಡದ್ದರ ಫಲವೂ ಕಾಣಸಿಗುತ್ತದೆ. ಅಲ್ಲಿಯ 1980ರ ಅಂತರ್ಜಲ ಕಾಯ್ದೆಯ ವ್ಯವಸ್ಥೆಯಂತೆ, ನಿಯಂತ್ರಿತ ಪ್ರದೇಶಗಳಲ್ಲಿ ನೆಲವನ್ನು ಆರು ಅಥವಾ ಹೆಚ್ಚು ನಿವೇಶನಗಳಾಗಿ ವಿಂಗಡಿಸಿ ಮಾರುವವರು 100 ವರ್ಷಕ್ಕೆ ಸಾಲುವ ನೀರಿದೆಯೆಂದು ಮೊದಲು ತೋರಿಸಬೇಕು. ಅದನ್ನು ತಪ್ಪಿಸಿಕೊಳ್ಳಲು ಕೆಲವರು ಐದೈದು, ಅಥವಾ ಅದಕ್ಕೂ ಕಡಿಮೆ ತುಂಡುಗಳಾಗಿ ಮಾರಿದರು. ಫೀನಿಕ್ಸ್ ನಗರದ ಸಮೀಪದ ರಿಯೋ ವರ್ಡೆ ಫುಟ್‌ಹಿಲ್ಸ್ ಎಂಬ ಬಡಾವಣೆ ಹೀಗೆಯೇ ಬೆಳೆಯಿತು. ಅನೇಕ ಮನೆಗಳಿಗೆ ಬಾವಿ ಇಲ್ಲದೆ ಪಕ್ಕದ ಸ್ಕಾಟ್ಸ್‌ಡೇಲ್ ನಗರದಿಂದ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಕೊಲರಾಡೋ ನದಿಯ ಬರ ಬಿಗಿಯಾದಾಗ, ಮೊದಲು ತನ್ನ ನಿವಾಸಿಗಳ ಪಾಲು ಎಂದು ಆ ನಗರ 2023ರ ಜನವರಿ 1ರಿಂದ ಆ ನೀರನ್ನು ನಿಲ್ಲಿಸಿತು. ಸುಮಾರು 500 ಮನೆಗಳು ತೊಂದರೆಗೊಳಗಾದವು. ತುಂಡುಮಾಡಿ ಮಾರಿದವರು ಅಕ್ಷರಶಃ ಕಾನೂನನ್ನು ಮುರಿದಿರಲಿಲ್ಲ. ಆದರೆ ಆ ಕಾನೂನು ಯಾವ ಪ್ರಶ್ನೆಯನ್ನು ಕೇಳಬೇಕೆಂದಿತ್ತೋ ಆ ಪ್ರಶ್ನೆಯನ್ನು ಯಾರೂ ಕೇಳದಂತೆ ಮಾಡಿದ್ದರು. ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೊನೆಗೆ ಆ ಮನೆಗಳಲ್ಲಿ ವಾಸವಾಗಿದ್ದವರು.

ಇದರಿಂದ ನಾವು ತಲುಪುವ ತೀರ್ಮಾನ ಹೀಗಿದೆ. ಮಿಲ್ ಎಳೆದ ಗೆರೆ ಸರಿಯಾದುದೇ. ಆದರೆ ನೀರು ಧಾರಾಳವಾಗಿರುವ ನಾಡಿನಲ್ಲಿ ಆ ಗೆರೆಯೊಳಗೆ ಒಬ್ಬನ ಪಾಲಿಗೆ ಎಷ್ಟು ವಿಶಾಲವಾದ ಅಂಗಳ ದೊರೆಯುವುದೋ, ಒಣನಾಡಿನಲ್ಲಿ ಅಷ್ಟು ದೊರೆಯುವುದಿಲ್ಲ. ಮಲೆನಾಡಿನಲ್ಲಿ ಒಬ್ಬ ತನ್ನ ಹಿತ್ತಲಲ್ಲಿ ಬಾವಿ ತೋಡಿದರೆ ನೆರೆಯವನಿಗೆ ಅದರ ಸುಳಿವೂ ಹತ್ತದಿರಬಹುದು. ನಮ್ಮಲ್ಲಿ ಒಬ್ಬ ಸಾವಿರ ಅಡಿ ಕೊರೆಸಿದರೆ ಪಕ್ಕದ ಮುನ್ನೂರು ಅಡಿಯ ಬಾವಿ ಬತ್ತುತ್ತದೆ. ಹಗರಿಯ ದಂಡೆಯಲ್ಲಿ ಒಬ್ಬ ತನ್ನ ಹೊಲದ ಜಾಲಿಯನ್ನೂ ಹುಲ್ಲನ್ನೂ ಕಿತ್ತು ಸ್ವಚ್ಛಮಾಡಿದರೆ ಅಲ್ಲಿಯ ಮರಳು ಮುಂದಿನ ಹೊಲಕ್ಕೆ ನಡೆಯುತ್ತದೆ. ಹತ್ತು ವರ್ಷ ಒಣಗಿ ಬಿದ್ದ ವಂಕ ಸಮತಟ್ಟಾದ ಅಗ್ಗದ ನಿವೇಶನದಂತೆ ಕಾಣುತ್ತದೆ. ಹನ್ನೊಂದನೆಯ ವರ್ಷ ನೀರು ತನ್ನ ದಾರಿಯನ್ನು ನೆನಪಿಸಿಕೊಳ್ಳುತ್ತದೆ. 2022ರ ಅಕ್ಟೋಬರಿನಲ್ಲಿ ಅನಂತಪುರದ ನಡಿಮಿವಂಕ ಉಕ್ಕಿ ಬಡಾವಣೆಗಳ ಮನೆಗಳಿಗೆ ನುಗ್ಗಿದುದನ್ನು ಕಂಡವರು ನಮ್ಮ ಓದುಗರಲ್ಲೇ ಇದ್ದಾರೆ. ಒಣನಾಡಿನಲ್ಲಿ ತನಗೆ ಮಾತ್ರ ಸಂಬಂಧಿಸಿದ ಕೆಲಸಗಳು ತೀರ ಕಡಿಮೆ. ಆದ್ದರಿಂದಲೇ ಇಲ್ಲಿ ನಿರ್ಬಂಧಗಳಿಗೆ ಹೆಚ್ಚಿನ ನೈತಿಕ ಬಲವಿದೆ. ಕ್ರಯಪತ್ರ ಬರೆಯುವಾಗ ಅಲ್ಲಿ ಹಾಜರಿಲ್ಲದವರು, ಎಂದರೆ ಕೆಳಗಿನ ಕೆರೆಯ ಅಚ್ಚುಕಟ್ಟಿನವರು, ಕುರಿ ಅಟ್ಟಿಕೊಂಡು ಬರುವ ಕುರುಬರು, ಇನ್ನೂ ಹುಟ್ಟದ ಮಕ್ಕಳು, ತಮ್ಮ ಮಾತನ್ನು ಆ ನಿಯಮಗಳ ಬಾಯಿಯಿಂದ ಆಡುತ್ತಾರೆ.

ಇದಕ್ಕೆ ಎದುರಾಗಿ ಬರುವ ಆಕ್ಷೇಪಗಳನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಮೊದಲನೆಯದು, ನಿಯಮಗಳು ಬಡವನಿಗೆ ಭಾರ, ಬಲ್ಲಿದನಿಗೆ ಹಗುರ ಎಂಬುದು. ಹೊಲದಲ್ಲಿ ಪಂಪಿಗೆ ಒಂದು ಕೋಣೆ ಕಟ್ಟಿಕೊಂಡ ರೈತನನ್ನು ಅಲೆದಾಡಿಸುವ ಕಚೇರಿ, ಕೆರೆಯಂಗಳದಲ್ಲಿ ದೊಡ್ಡ ಬಡಾವಣೆ ಎದ್ದಾಗ ಕಣ್ಣು ಮುಚ್ಚಿಕೊಂಡಿರಬಹುದು. ಇದು ನಿಜವಾದ ದೂರು. ಆದರೆ ಈ ದೂರು ನಿಯಮದ ಉದ್ದೇಶದ ಮೇಲಲ್ಲ, ಅದನ್ನು ನಡೆಸುವವರ ಮೇಲೆ. ಅದಕ್ಕೆ ಪರಿಹಾರ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದು; ‘ಎಲ್ಲರೂ ಮುರಿಯುತ್ತಾರೆ, ನಾವೂ ಮುರಿಯೋಣ’ ಎನ್ನುವುದಲ್ಲ. ದೊಡ್ಡವನ ತಪ್ಪನ್ನು ತೋರಿಸಿ ತಾನು ಮಾಡುವ ಸಣ್ಣ ತಪ್ಪಿಗೆ ಅನುಮತಿ ಪಡೆಯುವ ರೂಢಿಯನ್ನು ಶಾಲೆಯ ಹುಡುಗರಲ್ಲಿ ನಾವು ಒಪ್ಪುತ್ತಿರಲಿಲ್ಲ. ಹಿರಿಯರಲ್ಲಿ ಒಪ್ಪಲು ಕಾರಣವಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದುದು. ಸರ್ಕಾರ ಕೊಟ್ಟ ಭೂಮಿಯನ್ನು ಬಡವ ಮಾರಲಾಗದು ಎನ್ನುವುದಾದರೆ, ಅವನನ್ನು ಎಂದೆಂದಿಗೂ ಬೆಳೆಯದ ಮಗುವೆಂದು ಎಣಿಸಿದಂತಾಯಿತಲ್ಲವೇ? ಮಗಳ ಮದುವೆಗೆ, ಹೆಂಡತಿಯ ಚಿಕಿತ್ಸೆಗೆ ಅವನಿಗೂ ಹಣ ಬೇಕು. ಉಳ್ಳವನ ಭೂಮಿ ಒಂದು ವಾರದಲ್ಲಿ ಹಣವಾಗುತ್ತದೆ, ಇವನದು ಆಗುವುದಿಲ್ಲ. ಈ ಆಕ್ಷೇಪಕ್ಕೆ ತೂಕವಿದೆ. ಹಂಚಿಕೆಯಾಗಿ 20 ವರ್ಷ ಕಳೆದ ಮೂಲ ಫಲಾನುಭವಿಗಳಿಗೆ ಪೂರ್ಣ ಹಕ್ಕು ಕೊಡಬೇಕೆಂದು 2023ರಲ್ಲಿ ಆಂಧ್ರದ ಶಾಸನಸಭೆ ತಿದ್ದುಪಡಿ ಮಾಡಿದುದರ ಹಿಂದೆ ಈ ವಾದವೂ ಇತ್ತು. ಆದರೂ ನಾವು ಒಂದು ಭೇದವನ್ನು ಗುರುತಿಸಬೇಕು. ಮಾರುವ ಸ್ವಾತಂತ್ರ್ಯ ಬೇಕೆಂದು ಬಡವನೇ ಕೇಳುವುದು ಒಂದು. ಅವನ ಕಷ್ಟದ ದಿನವನ್ನು ಕಾದು, ಮಾರಾಟ ಸಲ್ಲದೆಂಬುದನ್ನೇ ನೆಪಮಾಡಿ ಅರ್ಧ ಬೆಲೆಗೆ ಬಿಳಿಯ ಕಾಗದದ ಮೇಲೆ ಬರೆಸಿಕೊಳ್ಳುವವನು ಅದೇ ಸ್ವಾತಂತ್ರ್ಯದ ಹೆಸರೆತ್ತುವುದು ಇನ್ನೊಂದು. ಮೊದಲನೆಯದು ಹಕ್ಕಿನ ಬೇಡಿಕೆ. ಎರಡನೆಯದು ಅಗ್ಗದ ವ್ಯಾಪಾರ.

ಇಲ್ಲಿಂದ ಇನ್ನೊಂದು ಮಾತು ಹೊರಡುತ್ತದೆ. ಕಾನೂನು ಒಪ್ಪಿದ ಮಾತ್ರಕ್ಕೆ ವ್ಯವಹಾರ ನ್ಯಾಯವಾಗುವುದಿಲ್ಲ. ಪಟ್ಟಾ ಶುದ್ಧವಾಗಿರಬಹುದು, ಕ್ರಯ ಕ್ರಮಬದ್ಧವಾಗಿರಬಹುದು. ಆದರೆ ಮೂರು ವರ್ಷದ ಬರಕ್ಕೆ ಸಿಕ್ಕಿ, ಕೊರೆಸಿದ ಬಾವಿಗಳೆಲ್ಲ ಸೋತು, ಮನೆಮಂದಿಯೊಡನೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಟವನ ಹೊಲವನ್ನು ಕೊಳ್ಳುವವನಿಗೆ ಬೆಲೆಯ ವಿಷಯದಲ್ಲಿ ಒಂದು ಹೊಣೆಯಿದೆ. ಸಂತೆಯಲ್ಲಿ ತರಕಾರಿ ಚೌಕಾಸಿ ಮಾಡಿದಂತೆ ಅಲ್ಲಿ ಮಾಡಲಾಗದು. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ, ಮನುಷ್ಯನಿಗೆ ಎಷ್ಟು ನೆಲ ಬೇಕು ಎಂಬ ಪ್ರಸಿದ್ಧ ಕತೆಯನ್ನು ಬಲ್ಲವರು ಅದನ್ನು ದುರಾಸೆಯ ಕತೆಯೆಂದು ನೆನೆಯುತ್ತಾರೆ. ಅಗ್ಗದ ನೆಲವನ್ನು ಅರಸುತ್ತ ದೂರದ ಹುಲ್ಲುಗಾವಲಿನ ನಾಡಿಗೆ ಹೋದ ರೈತನ ಕತೆಯದು. ‘ಎಷ್ಟು’ ಎಂಬ ಆ ಪ್ರಶ್ನೆಯ ಪಕ್ಕದಲ್ಲಿ ‘ಯಾರಿಂದ’, ‘ಯಾವ ಸ್ಥಿತಿಯಲ್ಲಿ’ ಎಂಬ ಇನ್ನೆರಡು ಪ್ರಶ್ನೆಗಳನ್ನು ನಮ್ಮ ಕಾಲ ಇಡಬೇಕಾಗಿದೆ.

ಗಡಿನಾಡಿನವರಾದ ನಮಗೆ ಇದರ ಮೇಲೆ ಭಾಷೆಯ ತೊಡಕೂ ಇದೆ. ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದಾಗ ಅಲ್ಲಿಗೆ ಸೇರಿದವು. 2022ರ ಏಪ್ರಿಲಿನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾಗಿ ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆಯೊಳಗೆ ಕನ್ನಡ, ಅಡಂಗಲ್ಲಿನಲ್ಲಿ ತೆಲುಗು, ನ್ಯಾಯಾಲಯದಲ್ಲಿ ಇಂಗ್ಲಿಷು. ಹೊರಗಿನಿಂದ ಬರುವ ಕನ್ನಡಿಗನಿಗಂತೂ ದಾಖಲೆಯ ಲಿಪಿಯೇ ಬಾರದು. ದಲ್ಲಾಳಿ ಓದಿ ಹೇಳಿದ್ದೇ ವೇದವಾಗುತ್ತದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ಮಾರುವವನಿಗೂ ಅಪಾಯ, ಕೊಳ್ಳುವವನಿಗೂ ಅಪಾಯ. ನಮ್ಮ ಸಂಘಗಳು ಕವಿಗೋಷ್ಠಿ ನಡೆಸುವಷ್ಟೇ ಅಕ್ಕರೆಯಿಂದ, ಎರಡೂ ಭಾಷೆ ಬಲ್ಲ ನಿವೃತ್ತ ಶಿಕ್ಷಕರನ್ನೂ ಕಂದಾಯದ ನೌಕರರನ್ನೂ ಕೂಡಿಸಿ, ತಿಂಗಳಿಗೊಂದು ದಿನ ಕೇಳಿದವರಿಗೆ ಕಾಗದ ಓದಿ ಹೇಳುವ ವ್ಯವಸ್ಥೆ ಮಾಡಿದರೆ ಅದೂ ನುಡಿಸೇವೆಯೇ ಆದೀತು.

ಕೊಳ್ಳಹೊರಟವರಿಗೆ ನಾವು ಹೇಳಬಹುದಾದದ್ದು ಕೆಲವೇ ಮಾತು. ಮುಂಗಡ ಕೊಡುವ ಮೊದಲು ಅಡಂಗಲ್, 1-ಬಿ, ಋಣಭಾರ ಪತ್ರ, ಅಳತೆಯ ನಕ್ಷೆ ಇವನ್ನು ಪಡೆದು ಓದಿಸಿಕೊಳ್ಳಿರಿ. ನೋಂದಣಿ ಕಾಯ್ದೆಯ 22ಎ ಕಲಮಿನ ನಿಷೇಧಿತ ಪಟ್ಟಿಯಲ್ಲಿ ಆ ಸರ್ವೆ ನಂಬರು ಇದೆಯೇ ಎಂದು ನೋಡಿರಿ. ಸರ್ವೆಯವರನ್ನು ಕರೆಸಿ ಕಲ್ಲು ಗುರುತಿಸಿರಿ. ದಾರಿ ಕಾಗದದಲ್ಲಿದೆಯೋ ಕೇವಲ ನೆರೆಯವನ ಸೌಜನ್ಯದಲ್ಲಿದೆಯೋ ತಿಳಿಯಿರಿ. ಕಟ್ಟಲು ಯಾರ ಒಪ್ಪಿಗೆ ಬೇಕೆಂದು ಪಂಚಾಯಿತಿಯಲ್ಲೇ ಕೇಳಿರಿ, ದಲ್ಲಾಳಿಯನ್ನಲ್ಲ. ನೆಲವನ್ನು ಮೇ ತಿಂಗಳಿನಲ್ಲೊಮ್ಮೆ, ಅಕ್ಟೋಬರಿನ ಮಳೆಯಲ್ಲೊಮ್ಮೆ ನೋಡಿರಿ. ಆ ಹೊಲದಲ್ಲಿ ಹಿಂದೆ ಯಾರು ಉಳುತ್ತಿದ್ದರು, ಏಕೆ ಬಿಟ್ಟರು, ಯಾರ ಕುರಿ ಅಲ್ಲಿ ಮೇಯುತ್ತಿತ್ತು ಎಂಬುದನ್ನು ಊರ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿರಿ. ಮೊದಲಿನವು ಜಾಣತನದ ಪ್ರಶ್ನೆಗಳು. ಕೊನೆಯದು ನೀತಿಯ ಪ್ರಶ್ನೆ, ಏಕೆಂದರೆ ಅದಕ್ಕೆ ಬರುವ ಉತ್ತರ ಕೆಲವೊಮ್ಮೆ ಕೊಳ್ಳಬೇಡ ಎನ್ನುತ್ತದೆ, ಕಾಗದವೆಲ್ಲ ಸರಿಯಿದ್ದರೂ.

ಹಾಗಾದರೆ ಹೊರಗಿನವರು ಈ ನೆಲಕ್ಕೆ ಬರಲೇಬಾರದೇ? ಹಾಗೆನ್ನುವುದು ನಮಗೆ ಸಮ್ಮತವಲ್ಲ. ಚೆನ್ನೆಕೊತ್ತಪಲ್ಲಿಯ ಬಳಿ 1990ರಲ್ಲಿ ಕೆಲವರು ಸೇರಿ 32 ಎಕರೆ ಬರಡು ನೆಲವನ್ನು ಕೊಂಡು, ಅದಕ್ಕೆ ಟಿಂಬಕ್ಟು ಎಂದು ಹೆಸರಿಟ್ಟರು. ದನಕರು, ಬೆಂಕಿ, ಕೊಡಲಿಗಳಿಂದ ನೆಲವನ್ನು ಕಾಪಾಡಿ, ಮಣ್ಣು-ನೀರನ್ನು ನಿಲ್ಲಿಸಿ, ಅದು ತಾನಾಗಿ ಚಿಗುರಲು ಬಿಟ್ಟರು. ಸುತ್ತಲಿನ ಹಳ್ಳಿಗಳ ಜನರೊಡನೆ ಸೇರಿ ಬೆಟ್ಟಗಳ ಹಸಿರನ್ನು ಮರಳಿಸುವ ಕೆಲಸ ಅಲ್ಲಿಂದ ಬೆಳೆಯಿತು. ಅವರು ಕೊಂಡದ್ದೂ ಯಾರಿಗೂ ಬೇಡವಾದ ಅಗ್ಗದ ನೆಲವೇ. ಆದರೆ ಅಗ್ಗದಲ್ಲಿ ಉಳಿದ ಹಣವನ್ನು ಲಾಭವೆಂದು ಎಣಿಸದೆ, ನೆಲಕ್ಕೆ ಸಲ್ಲಬೇಕಾದ ಬಾಕಿಯೆಂದು ಎಣಿಸಿದಂತೆ ಅವರು ನಡೆದುಕೊಂಡರು.

ಅಗ್ಗದ ನೆಲದ ಧರ್ಮವೂ ಇದೇ ಎಂದು ನಮಗೆ ತೋರುತ್ತದೆ. ಯಾವ ನೆಲವೂ ನಿಜವಾಗಿ ಅಗ್ಗವಲ್ಲ. ಬೆಲೆಯ ಉಳಿದ ಭಾಗವನ್ನು ಬೇರೆ ಯಾರೋ ತೆತ್ತಿರುತ್ತಾರೆ, ಅಥವಾ ಮುಂದೆ ತೆರುತ್ತಾರೆ. ಆ ಭಾಗವನ್ನು ತಾನೇ ತೆರಲು ಸಿದ್ಧನಾಗಿ, ನಿಯಮ ಕೇಳಿದಷ್ಟನ್ನೂ ನಿಯಮ ಕೇಳದೆ ಬಿಟ್ಟಷ್ಟನ್ನೂ ಕೊಟ್ಟು, ನೆರೆಯವನ ಬಾವಿಯಲ್ಲಿ ನೀರು ಉಳಿಯುವಂತೆ ಬದುಕುವವನಿಗೆ ‘ಇದು ನನ್ನದು’ ಎನ್ನುವ ಅಧಿಕಾರ ನೋಂದಣಿ ಕಚೇರಿಯಿಂದ ಮಾತ್ರವಲ್ಲದೆ ಊರಿನಿಂದಲೂ ದೊರೆಯುತ್ತದೆ. ನಮ್ಮ ಸಂಘದ ಮನೆಗಳಿಂದ ನೆಲ ಕೊಳ್ಳಲು ಹೊರಡುವ ಮಕ್ಕಳು ಆ ಎರಡನೆಯ ಪಟ್ಟಾವನ್ನೂ ಪಡೆಯಲೆಂಬುದು ನಮ್ಮ ಹಾರೈಕೆ.